ಚಿತ್ರದಿಂದ ತೆಗೆದ ಚಿತ್ರ

ಕಾದಂಬರಿಯೊಂದರ ವಿಮರ್ಶೆಯಲ್ಲಿ ನಾಲ್ಕು ಸಾಲು ಉದ್ಧರಿಸುವಾಗ ಒಂದು ಪದ ಬಿಟ್ಟುಹೋದರೂ ಓದುಗರು ಸುಮ್ಮನಿರುವುದಿಲ್ಲ, ಪತ್ರ ಬರೆದು ಕೇಳುತ್ತಾರೆ. ಸಿನಿಮಾ ವಿಮರ್ಶೆಯ ಪಕ್ಕದಲ್ಲಿ ಹಾಕುವ ಚಿತ್ರದ ವಿಷಯದಲ್ಲಿ ಈ ಕಟ್ಟುನಿಟ್ಟು ಯಾವತ್ತೂ ಬರಲಿಲ್ಲ. ಮುಖಗಳು ಅಡ್ಡಕ್ಕೆ ಹಿಗ್ಗಿರುತ್ತವೆ. ಕಪ್ಪು ಇರಬೇಕಾದಲ್ಲಿ ಬೂದು ಇರುತ್ತದೆ. ಮೂಲೆಯಲ್ಲಿ ಯಾವುದೋ ಚಾನೆಲ್ಲಿನ ಲೋಗೋ, ಕೆಳಗೆ ಪ್ಲೇಯರಿನ ಕೆಂಪು ಗೆರೆ. ನೆರಳು ಬೆಳಕಿನ ಸೂಕ್ಷ್ಮಗಳ ಬಗ್ಗೆ ಎರಡು ಪುಟ ಬರೆದು, ಆ ನೆರಳೂ ಇಲ್ಲದ, ಬೆಳಕೂ ಇಲ್ಲದ ಚಿತ್ರವನ್ನು ಜೊತೆಗೆ ಅಚ್ಚುಹಾಕುವುದು ನಮ್ಮಲ್ಲಿ ಮಾಮೂಲಾಗಿಬಿಟ್ಟಿದೆ.

ಕಂಪ್ಯೂಟರಿನಲ್ಲಿ ಸಿನಿಮಾ ನಿಲ್ಲಿಸಿ ಅದರಿಂದ ಒಂದು ಫ್ರೇಮು ತೆಗೆಯುವ ಕೆಲಸ ಇವತ್ತು ಯಾರಿಗೂ ಹೊಸದಲ್ಲ. ವಿಮರ್ಶಕರು, ಉಪನ್ಯಾಸಕರು, ಚಿತ್ರಸಮಾಜದವರು, ಅಭಿಮಾನಿಗಳು ಎಲ್ಲರೂ ಮಾಡುತ್ತಾರೆ. ಅದನ್ನು ಚೆನ್ನಾಗಿ ಮಾಡುವುದು ಹೇಗೆ ಎಂಬ ಸಲಹೆಗೂ ಬರವಿಲ್ಲ. ಆದರೆ ಆ ಸಲಹೆಗಳಲ್ಲಿ ಬಹುಪಾಲು ‘ಕ್ಲಾರಿಟಿ’ಯ ಸುತ್ತಲೇ ಸುತ್ತುತ್ತವೆ: ಇನ್ನೂ ಚೂಪು, ಇನ್ನೂ ದೊಡ್ಡದು, ಇನ್ನೂ ಹೊಳಪು. ನನ್ನ ತಕರಾರು ಇರುವುದೇ ಅಲ್ಲಿ. ಚಿತ್ರದಲ್ಲಿ ಇದ್ದದ್ದನ್ನು ಇದ್ದ ಹಾಗೆ ಪುಟಕ್ಕೆ ತಂದುಕೊಡುವ ಫ್ರೇಮನ್ನು ನಾನು ಒಳ್ಳೆಯದೆನ್ನುತ್ತೇನೆ, ಅದು ಕೊಂಚ ಮಸುಕಾಗಿದ್ದರೂ ಚಿಂತೆಯಿಲ್ಲ. ಫ್ರೇಮು ತೆಗೆಯುವುದೆಂದರೆ ಉದ್ಧರಿಸುವುದು. ಈ ರೂಢಿಯನ್ನು ಆ ಅಳತೆಗೋಲಿನಿಂದಲೇ ಅಳೆದು ನೋಡಬೇಕು.

ಮೊದಲಿಗೆ ಒಂದು ಹಳೆಯ ಗೊಂದಲ ಬಿಡಿಸಬೇಕು. ನಮ್ಮ ಸಿನಿಮಾ ಪತ್ರಿಕೆಗಳಲ್ಲಿ ದಶಕಗಳ ಕಾಲ ಅಚ್ಚಾದ ‘ಸ್ಟಿಲ್ಸ್’ ಸಿನಿಮಾದೊಳಗಿಂದ ಬಂದವಲ್ಲ. ಸೆಟ್ಟಿನಲ್ಲಿ ಬೇರೊಂದು ಕ್ಯಾಮೆರಾ ಹಿಡಿದು ನಿಂತಿರುತ್ತಿದ್ದ ಸ್ಟಿಲ್ ಫೋಟೋಗ್ರಾಫರ್ ತೆಗೆದವು. ಪ್ರಗತಿ ಅಶ್ವತ್ಥನಾರಾಯಣ ಅವರಂಥವರು ತೆಗೆದ ಫೋಟೋಗಳಿಲ್ಲದೆ ಕನ್ನಡ ಚಿತ್ರರಂಗದ ನೆನಪು ಅರ್ಧಕ್ಕರ್ಧ ಖಾಲಿಯಾಗುತ್ತಿತ್ತು. ಅವುಗಳ ಬೆಲೆ ದೊಡ್ಡದು. ಆದರೆ ಆ ಫೋಟೋ ತೆಗೆದ ಜಾಗ ಸಿನಿಮಾ ಕ್ಯಾಮೆರಾ ನಿಂತ ಜಾಗವಲ್ಲ, ಲೆನ್ಸು ಅದಲ್ಲ, ಎಷ್ಟೋ ಸಲ ಕ್ಷಣವೂ ಅದಲ್ಲ. ಶಾಟು ಮುಗಿದ ಮೇಲೆ ನಟರನ್ನು ಅದೇ ಭಂಗಿಯಲ್ಲಿ ಇನ್ನೊಮ್ಮೆ ನಿಲ್ಲಿಸಿ ತೆಗೆದದ್ದೂ ಇರುತ್ತದೆ. ನಿರ್ದೇಶಕ ಚೌಕಟ್ಟಿನ ಯಾವ ತುದಿಯಲ್ಲಿ ಯಾರನ್ನು ನಿಲ್ಲಿಸಿದ, ಬೆಳಕು ಯಾವ ಕಡೆಯಿಂದ ಬಿತ್ತು ಎಂದು ವಾದ ಹೂಡುವವರು ಅಂಥ ಫೋಟೋವನ್ನು ಸಾಕ್ಷಿಯಾಗಿ ತಂದರೆ ವಾದ ನಿಲ್ಲುವುದಿಲ್ಲ.

ಅಮೆರಿಕದ ಸಿನಿಮಾ ವಿದ್ವಾಂಸರಾದ ಡೇವಿಡ್ ಬೋರ್ಡ್‌ವೆಲ್ ಮತ್ತು ಕ್ರಿಸ್ಟಿನ್ ಥಾಮ್ಸನ್ ಇದನ್ನು ಬಹಳ ಹಿಂದೆಯೇ ಮನಗಂಡಿದ್ದರು. 1979ರಲ್ಲಿ ಹೊರಬಂದ ಅವರ ‘ಫಿಲ್ಮ್ ಆರ್ಟ್’ ಪಠ್ಯಪುಸ್ತಕದಲ್ಲಿ ಪ್ರಚಾರದ ಸ್ಟಿಲ್‌ಗಳ ಬದಲು ಸಿನಿಮಾದ ಫ್ರೇಮುಗಳಿಗೇ ಒತ್ತು ಸಿಕ್ಕಿತು. ಅದಕ್ಕಾಗಿ ಅವರು ಫಿಲ್ಮ್ ಪ್ರಿಂಟನ್ನು ಎಡಿಟಿಂಗ್ ಮೇಜಿನ ಮೇಲೆ ಹರಡಿಕೊಂಡು, ಬೇಕಾದ ಫ್ರೇಮು ಹುಡುಕಿ, ಹತ್ತಿರದ ಲೆನ್ಸು ಹಾಕಿದ ಕ್ಯಾಮೆರಾದಿಂದ ಅದರ ಫೋಟೋ ತೆಗೆಯುತ್ತಿದ್ದರು. ಪ್ರಿಂಟು ಸಿಗಬೇಕು, ಆರ್ಕೈವಿನವರು ಒಪ್ಪಬೇಕು, ಫಿಲ್ಮಿಗೆ ಗೀರು ಬೀಳಬಾರದು. ಇಷ್ಟು ಕಷ್ಟಪಟ್ಟು ತೆಗೆದ ಫ್ರೇಮನ್ನು ಅಚ್ಚುಹಾಕಲು ನಿರ್ಮಾಪಕರ ಅನುಮತಿ ಬೇಕೆ ಎಂಬ ಪ್ರಶ್ನೆ ಎದ್ದಾಗ, ಅಲ್ಲಿನ ಸಿನಿಮಾ ಅಧ್ಯಯನ ಸಂಘದ ಪರವಾಗಿ ಥಾಮ್ಸನ್ 1993ರಲ್ಲಿ ವರದಿಯನ್ನೇ ಬರೆದರು. ಅವರು ಪಟ್ಟ ಪಾಡಿನಲ್ಲಿ ನೂರರಲ್ಲೊಂದು ಪಾಲು ಕೂಡ ಇಲ್ಲದೆ ನಮಗೆ ಇವತ್ತು ಫ್ರೇಮು ಸಿಗುತ್ತದೆ. ಹೀಗಿರುವಾಗ ನಮ್ಮ ಅಸಡ್ಡೆಗೆ ಯಾವ ಸಮಜಾಯಿಷಿಯೂ ಇಲ್ಲ.

ಒಂದೇ ಒಂದು ಫ್ರೇಮನ್ನು ಹತ್ತಿರದಿಂದ ನೋಡೋಣ. ಮೈಸೂರಿನಲ್ಲಿ ಹುಟ್ಟಿ, ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಓದಿ, ಮುಂಬಯಿಯಲ್ಲಿ ನಿರ್ದೇಶಕ ಗುರುದತ್ತರ ಕಣ್ಣಾದ ಛಾಯಾಗ್ರಾಹಕ ವಿ.ಕೆ. ಮೂರ್ತಿ ಅವರ ಹೆಸರು ಬಂದಲ್ಲೆಲ್ಲ ಬರುವ ಚಿತ್ರ ಅದು: 1959ರ ‘ಕಾಗಜ್ ಕೆ ಫೂಲ್’ನ ಖಾಲಿ ಸ್ಟುಡಿಯೋ, ಮೇಲಿನಿಂದ ಓರೆಯಾಗಿ ಇಳಿಯುವ ಬೆಳಕು, ಆಚೆಗೊಬ್ಬರು ಈಚೆಗೊಬ್ಬರು ನಿಂತ ವಹೀದಾ ರೆಹಮಾನ್ ಮತ್ತು ಗುರುದತ್. ಹೊರಗಿನ ಬಿಸಿಲನ್ನೇ ದೊಡ್ಡ ಕನ್ನಡಿಗಳಿಂದ ಒಳಕ್ಕೆ ತಿರುಗಿಸಿ ಮೂರ್ತಿ ಆ ಕಿರಣ ಕಟ್ಟಿದರು. ಉಮಾ ರಾವ್ ಬರೆದ ಅವರ ಜೀವನಕಥನದ ಹೆಸರೂ ‘ಬಿಸಿಲುಕೋಲು’. ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರವಿದು, ಚೌಕಟ್ಟಿನ ಅಗಲ ಎತ್ತರದ 2.35 ಪಟ್ಟು. ಮೂರ್ತಿಯವರಿಗೆ 2008ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಬಂದಾಗಲೂ ಪತ್ರಿಕೆಗಳು ಮತ್ತೆ ನೆನೆದದ್ದು ಈ ಬೆಳಕನ್ನೇ.

ಈ ಫ್ರೇಮನ್ನು ಬೇರೆ ಬೇರೆ ಪ್ರತಿಗಳಿಂದ ತೆಗೆದು ಪಕ್ಕಪಕ್ಕ ಇಟ್ಟರೆ ನಾನು ಹೇಳಬೇಕೆಂದಿರುವುದೆಲ್ಲ ಕಣ್ಣಿಗೇ ಕಾಣುತ್ತದೆ. ಟಿವಿಯ ಅಳತೆಗೆ ಕತ್ತರಿಸಿದ 4:3 ಪ್ರತಿಯಾದರೆ ಚೌಕಟ್ಟಿನ ಶೇ 43ರಷ್ಟು ಭಾಗ ಹೊರಗೆ ಬಿದ್ದಿರುತ್ತದೆ. ಇಬ್ಬರ ನಡುವಿನ ಖಾಲಿ ಜಾಗವೇ ಆ ದೃಶ್ಯದ ಜೀವ. ಕತ್ತರಿ ಬಿದ್ದ ಮೇಲೆ ಆ ಜಾಗವೂ ಇಲ್ಲ, ಕೆಲವೊಮ್ಮೆ ಇಬ್ಬರಲ್ಲಿ ಒಬ್ಬರೂ ಇಲ್ಲ. ಇಡೀ ಅಗಲ ಉಳಿಸಿ ಮೇಲೆ ಕೆಳಗೆ ಕಪ್ಪು ಪಟ್ಟಿ ಬಿಟ್ಟ ಹಳೆಯ ಡಿವಿಡಿಯಾದರೆ ಚೌಕಟ್ಟು ಸರಿಯಿದೆ, ಆದರೆ ಎನ್‌ಟಿಎಸ್‌ಸಿ ಮಾದರಿಯ ಡಿವಿಡಿಯ 480 ಸಾಲುಗಳಲ್ಲಿ ಚಿತ್ರಕ್ಕೆ ದಕ್ಕುವುದು ಸುಮಾರು 272 ಸಾಲು ಮಾತ್ರ, ಮಿಕ್ಕದ್ದು ಬರೀ ಕಪ್ಪು. ಅಗಲ ಪರದೆಗೆಂದೇ ತಯಾರಿಸಿದ ಡಿವಿಡಿಯಲ್ಲಿ ಸುಮಾರು 363 ಸಾಲು ಸಿಗುತ್ತವೆ. 1080 ಸಾಲಿನ ಹೈ ಡೆಫಿನಿಷನ್ ಪ್ರತಿಯಲ್ಲಿ 800ಕ್ಕೂ ಮೇಲೆ. ಯಾವ ಸಾಫ್ಟ್‌ವೇರ್ ಬಳಸಿದೆವು ಎನ್ನುವುದಕ್ಕೆ ಮೊದಲು ಯಾವ ಪ್ರತಿಯಿಂದ ತೆಗೆದೆವು ಎಂದು ಕೇಳಬೇಕಾದದ್ದು ಇದಕ್ಕೇ.

ಇನ್ನು ಆ ಕಿರಣವನ್ನೇ ನೋಡಿ. ಅದರ ಅಂಚು ಕತ್ತಲೆಗೆ ಮೆಲ್ಲಗೆ ಕರಗಬೇಕು, ಎಲ್ಲಿ ಮುಗಿಯಿತು ಎಂದು ಬೆರಳಿಟ್ಟು ತೋರಿಸಲಾಗಬಾರದು. ಜಾಲದಲ್ಲಿ ಸಿಗುವ ಹಿಂಡಿ ಸಣ್ಣದು ಮಾಡಿದ ಪ್ರತಿಗಳಲ್ಲಿ ಆ ಕರಗುವಿಕೆ ಮೆಟ್ಟಿಲು ಮೆಟ್ಟಿಲಾಗಿ ಒಡೆದಿರುತ್ತದೆ. ವಿಡಿಯೊ ಫೈಲನ್ನು ಚಿಕ್ಕದು ಮಾಡುವ ತಂತ್ರ ಕತ್ತಲಿನ ಭಾಗಕ್ಕೆ ಕಡಿಮೆ ಮಾಹಿತಿ ಇಡುತ್ತದೆ, ಅಲ್ಲಿ ಕಣ್ಣು ಹೆಚ್ಚು ಗಮನಿಸುವುದಿಲ್ಲ ಎಂಬ ಲೆಕ್ಕದಲ್ಲಿ. ಸಿನಿಮಾ ಓಡುತ್ತಿರುವಾಗ ಆ ಲೆಕ್ಕ ಸರಿಯೇ. ನಿಲ್ಲಿಸಿದ ಕೂಡಲೇ ತಪ್ಪುತ್ತದೆ: ಸ್ಟುಡಿಯೋದ ಕತ್ತಲೆ ಚೌಕಚೌಕವಾದ ಕಲೆಗಳ ಗೋಡೆಯಾಗಿ ನಿಲ್ಲುತ್ತದೆ. ಇದರ ಜೊತೆಗೆ ಕಪ್ಪು ಬಿಳುಪಿನ ಅಳತೆಯ ಒಂದು ತೊಡಕು. ವಿಡಿಯೊದಲ್ಲಿ ಕಪ್ಪೆಂದರೆ 16, ಬಿಳುಪೆಂದರೆ 235. ಕಂಪ್ಯೂಟರಿನ ಫೋಟೋದಲ್ಲಿ ಕಪ್ಪು 0, ಬಿಳುಪು 255. ಪ್ಲೇಯರು ಈ ಎರಡು ಅಳತೆಗಳನ್ನು ಸರಿಯಾಗಿ ಹೊಂದಿಸದಿದ್ದರೆ ಮೂರ್ತಿಯವರ ಕಪ್ಪು ಬೂದಿಬಣ್ಣಕ್ಕೆ ತಿರುಗುತ್ತದೆ. ಒಮ್ಮೆಯ ಬದಲು ಎರಡು ಸಲ ಹೊಂದಿಸಿಬಿಟ್ಟರೆ ನೆರಳಿನಲ್ಲಿದ್ದ ವಿವರವೆಲ್ಲ ಮುಳುಗಿಹೋಗುತ್ತದೆ. ಫ್ರೇಮು ತೆಗೆದ ಮೇಲೆ ಮೇಲಿನ ಕೆಳಗಿನ ಪಟ್ಟಿಯ ಕಪ್ಪು ನಿಜವಾಗಿ ಕಪ್ಪೇ ಇದೆಯೇ ಎಂದು ಯಾವುದಾದರೂ ಫೋಟೋ ಸಾಫ್ಟ್‌ವೇರಿನಲ್ಲಿ ನೋಡಿಕೊಳ್ಳಲು ಅರ್ಧ ನಿಮಿಷ ಸಾಕು. ಆ ಅರ್ಧ ನಿಮಿಷ ಕೊಡುವವರು ಕಡಿಮೆ.

ಈ ದೃಶ್ಯ ಬರುವ ಹಾಡಿನಲ್ಲಿ ಇನ್ನೂ ಒಂದು ಸಂಗತಿಯಿದೆ, ನನ್ನ ವಾದಕ್ಕೆ ಅದಕ್ಕಿಂತ ಒಳ್ಳೆಯ ಪುರಾವೆ ಸಿಗಲಾರದು. ನಿಂತಲ್ಲೇ ನಿಂತ ಇಬ್ಬರ ದೇಹದಿಂದ ಮಸುಕಾದ ಎರಡು ರೂಪಗಳು ಹೊರಟು ಬಂದು ನಡುವೆ ಒಂದಾಗುತ್ತವೆ. ಒಂದರ ಮೇಲೊಂದು ಚಿತ್ರ ಹಾಕಿ ಗುರುದತ್ ಬೇಕೆಂದೇ ತಂದ ಪರಿಣಾಮ ಅದು. ಈಗ ಡಿವಿಡಿಯ ಕಥೆ ಕೇಳಿ. ಸೆಕೆಂಡಿಗೆ 24 ಫ್ರೇಮಿನ ಸಿನಿಮಾವನ್ನು ಎನ್‌ಟಿಎಸ್‌ಸಿ ವಿಡಿಯೊಗೆ ಇಳಿಸುವಾಗ ಪ್ರತಿ ಐದು ವಿಡಿಯೊ ಫ್ರೇಮಿನಲ್ಲಿ ಮೂರು ಪೂರ್ತಿಯಾಗಿರುತ್ತವೆ, ಎರಡರಲ್ಲಿ ಅಕ್ಕಪಕ್ಕದ ಎರಡು ಸಿನಿಮಾ ಫ್ರೇಮುಗಳ ಸಾಲುಗಳು ಬೆರೆತಿರುತ್ತವೆ. ಬೆರೆತ ಫ್ರೇಮಿನಲ್ಲಿ ನಿಲ್ಲಿಸಿದರೆ ಚಲಿಸುವ ಕೈಯ ಅಂಚು ಹಲ್ಲುಹಲ್ಲಾಗಿ ಕಾಣುತ್ತದೆ. ಇದಾದರೂ ಪರವಾಗಿಲ್ಲ, ಒಂದೆರಡು ಫ್ರೇಮು ಮುಂದಕ್ಕೆ ಹೋದರೆ ಪೂರ್ತಿ ಚಿತ್ರ ಸಿಕ್ಕೇ ಸಿಗುತ್ತದೆ. ಒಂದು ಮಾದರಿಯ ವಿಡಿಯೊವನ್ನು ಇನ್ನೊಂದಕ್ಕೆ ಕಾಟಾಚಾರಕ್ಕೆ ಬದಲಿಸಿದ ಡಿಸ್ಕುಗಳ ಪಾಡು ಬೇರೆ: ಎರಡು ಫ್ರೇಮುಗಳು ಸಾಲುಸಾಲಾಗಿ ಬೆರೆಯದೆ ಒಂದರೊಳಗೊಂದು ಕರಗಿರುತ್ತವೆ. ಆಗ ಚಲಿಸುವ ಪ್ರತಿಯೊಬ್ಬರಿಗೂ ಒಂದು ಮಸುಕಾದ ಜೋಡಿ ಹುಟ್ಟುತ್ತದೆ. ಅಂಥ ಡಿಸ್ಕಿನಿಂದ ಈ ಹಾಡಿನ ಫ್ರೇಮು ತೆಗೆದು ಅಚ್ಚುಹಾಕಿದರೆ, ಆ ಮಸುಕು ರೂಪ ಗುರುದತ್ತರದೋ ಡಿಸ್ಕು ಮಾಡಿದವರದೋ ಎಂದು ಓದುಗರು ಹೇಳುವುದು ಹೇಗೆ? ವಿಮರ್ಶಕರಿಗೇ ಗೊತ್ತಾಗದೆ, ಇಲ್ಲದ ಅರ್ಥ ಹಚ್ಚುವ ಅಪಾಯವೂ ಇದೆ.

ತೆಗೆಯುವ ವಿಧಾನಕ್ಕೆ ಬರೋಣ. ಕೀಬೋರ್ಡಿನ ಪ್ರಿಂಟ್ ಸ್ಕ್ರೀನ್ ಒತ್ತುವುದು ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ಕೆಟ್ಟದು. ಅದು ಸಿನಿಮಾದ ಫ್ರೇಮನ್ನು ಮುಟ್ಟುವುದೇ ಇಲ್ಲ. ಪರದೆ ಏನು ತೋರಿಸುತ್ತಿದೆಯೋ ಅದನ್ನು ಎತ್ತಿಕೊಳ್ಳುತ್ತದೆ. ಸಾಧಾರಣ ಲ್ಯಾಪ್‌ಟಾಪಿನ ಪರದೆ 1366×768 ಇದ್ದರೆ, 1920×1080ರ ಸಿನಿಮಾದ ಸುಮಾರು ಅರ್ಧದಷ್ಟು ಪಿಕ್ಸೆಲ್ಲುಗಳು ಅಲ್ಲೇ ಹೋದವು. ಹಿಂದೆ ವಿಂಡೋಸ್‌ನಲ್ಲಿ ಹೀಗೆ ಒತ್ತಿ ಪೇಂಟ್‌ನಲ್ಲಿ ಅಂಟಿಸಿದರೆ ಚಿತ್ರವಿರಬೇಕಾದಲ್ಲಿ ಕಪ್ಪು ಡಬ್ಬ ಬರುತ್ತಿತ್ತು, ಇಲ್ಲವೇ ಅಂಟಿಸಿದ ಚಿತ್ರದೊಳಗೇ ಸಿನಿಮಾ ಓಡುತ್ತಿರುವಂತೆ ಕಾಣುತ್ತಿತ್ತು. ವಿಡಿಯೊವನ್ನು ಗ್ರಾಫಿಕ್ಸ್ ಕಾರ್ಡು ಪ್ರತ್ಯೇಕವಾಗಿ ಮೇಲುಹೊದಿಕೆಯಾಗಿ ಬಿಡಿಸುತ್ತಿದ್ದದ್ದು ಅದಕ್ಕೆ ಕಾರಣ. ಈಗಿನ ಓಟಿಟಿ ತಾಣಗಳಲ್ಲಿ ಕಪ್ಪು ಡಬ್ಬ ಮತ್ತೆ ಬಂದಿದೆ, ಬೇರೆ ಕಾರಣಕ್ಕೆ: ನಕಲು ತಡೆಯುವ ಬೀಗ.

ಪ್ಲೇಯರಿನಲ್ಲೇ ಇರುವ ಸ್ನ್ಯಾಪ್‌ಶಾಟ್ ಸೌಲಭ್ಯ ಸರಿಯಾದ ದಾರಿ. ಅದು ಬಿಡಿಸಿದ ಫ್ರೇಮನ್ನೇ ಫೈಲಾಗಿ ಕೊಡುತ್ತದೆ. ವಿಎಲ್‌ಸಿ ಎಲ್ಲರ ಕಂಪ್ಯೂಟರಿನಲ್ಲೂ ಇದೆ, ವಿಂಡೋಸ್‌ನಲ್ಲಿ ಶಿಫ್ಟ್ ಮತ್ತು ಎಸ್ ಒತ್ತಿದರೆ ಕೆಲಸವಾಯಿತು, ಇ ಒತ್ತಿದರೆ ಒಂದೊಂದೇ ಫ್ರೇಮು ಮುಂದಕ್ಕೆ ಹೋಗುತ್ತದೆ. ಹಿಂದಕ್ಕೆ ಒಂದು ಫ್ರೇಮು ಬರಬೇಕೆಂದರೆ ಮಾತ್ರ ಪೇಚಾಟ. ಫ್ರೇಮಿನ ವಿಷಯದಲ್ಲಿ ಶ್ರದ್ಧೆ ಇರುವವರಿಗೆ ನಾನು ಹೇಳುವುದು ಎಂಪಿವಿ ಎಂಬ ಪ್ಲೇಯರು. ನೋಡಲು ಬೋಳುಬೋಳು, ಆದರೆ ಅಲ್ಪವಿರಾಮದ ಕೀಲಿಯಿಂದ ಹಿಂದಕ್ಕೂ ಚುಕ್ಕಿಯ ಕೀಲಿಯಿಂದ ಮುಂದಕ್ಕೂ ಒಂದೊಂದೇ ಫ್ರೇಮು ನಡೆಯುತ್ತದೆ. ಸಬ್‌ಟೈಟಲ್ ಬೇಕಾದರೆ ಸಣ್ಣ ಎಸ್ ಒತ್ತಿ ಫ್ರೇಮು ತೆಗೆಯಬಹುದು, ಬೇಡವಾದರೆ ದೊಡ್ಡ ಎಸ್. ಸಿನಿಮಾದ ಎಷ್ಟನೇ ನಿಮಿಷ, ಎಷ್ಟನೇ ಸೆಕೆಂಡು ಎನ್ನುವುದನ್ನು ಫೈಲಿನ ಹೆಸರಿನಲ್ಲೇ ಬರುವಂತೆ ಹೊಂದಿಸಬಹುದು. ಬರೆಯುವವರಿಗೆ ಇದು ದೊಡ್ಡ ಅನುಕೂಲ. ಒಂದೇ ಎಚ್ಚರಿಕೆ: ಎಂಪಿವಿ ತಾನಾಗಿ ಜೆಪೆಗ್ ಫೈಲು ಕೊಡುತ್ತದೆ. ಮೊದಲೇ ಒಮ್ಮೆ ಹಿಂಡಿದ ಚಿತ್ರವನ್ನು ಮತ್ತೆ ಹಿಂಡುವುದೇಕೆ? ಸೆಟ್ಟಿಂಗಿನಲ್ಲಿ ಪಿಎನ್‌ಜಿ ಎಂದು ಬದಲಿಸಿಕೊಳ್ಳಬೇಕು. ಆದೇಶ ಟೈಪಿಸಿ ಕೆಲಸ ಮಾಡಿಸಲು ಹಿಂಜರಿಯದವರು ಎಫ್‌ಎಫ್‌ಎಂಪೆಗ್ ಬಳಸಬಹುದು. ಒಂದು ಶಾಟಿನ ಎಲ್ಲ ಫ್ರೇಮುಗಳನ್ನೂ ಒಟ್ಟಿಗೆ ಇಳಿಸಿಕೊಂಡು ಸಾವಧಾನವಾಗಿ ಆರಿಸಲು ಅದಕ್ಕೆ ಸಾಟಿಯಿಲ್ಲ.

ಆರಿಸುವುದು ಎಂದೆ. ನನ್ನ ಮಟ್ಟಿಗೆ ಈ ಕೆಲಸದ ವಿದ್ಯೆ ಇರುವುದು ಅಲ್ಲಿಯೇ. ಸಿನಿಮಾ ಕ್ಯಾಮೆರಾದಲ್ಲಿ ಒಂದೊಂದು ಫ್ರೇಮೂ ಸಾಮಾನ್ಯವಾಗಿ ಸೆಕೆಂಡಿನ 48ರಲ್ಲೊಂದು ಪಾಲಿನಷ್ಟು ಹೊತ್ತು ಬೆಳಕು ಕಾಣುತ್ತದೆ. ಅಷ್ಟರಲ್ಲಿ ತಿರುಗುವ ತಲೆ ಮಸುಕಾಗಿಯೇ ಆಗುತ್ತದೆ. ಅದು ದೋಷವಲ್ಲ, ಚಲನೆ ನಯವಾಗಿ ಕಾಣಲು ಆ ಮಸುಕೇ ಬೇಕು. ಹಾಗಾಗಿ ಚೂಪಾದ ಫ್ರೇಮು ಬೇಕೆಂದರೆ ಮಾತು ಮುಗಿದು ತುಟಿ ನಿಂತ ಗಳಿಗೆ, ಎತ್ತಿದ ಕೈ ಇಳಿಯುವ ಮೊದಲು ತಡೆದ ಗಳಿಗೆ ಹುಡುಕಬೇಕು. ವಿಡಿಯೊ ಫೈಲಿನಲ್ಲಿ ಎಲ್ಲ ಫ್ರೇಮುಗಳೂ ಸಮಾನವಲ್ಲ ಎನ್ನುವುದೂ ನೆನಪಿರಲಿ: ಅಲ್ಲೊಂದು ಇಲ್ಲೊಂದು ಫ್ರೇಮು ಮಾತ್ರ ಪೂರ್ತಿಯಾಗಿ ದಾಖಲಾಗಿರುತ್ತದೆ, ನಡುವಿನವು ಹಿಂದುಮುಂದಿನ ಫ್ರೇಮಿಗಿಂತ ಎಷ್ಟು ಬದಲಾದವು ಎಂಬ ಲೆಕ್ಕವಷ್ಟೆ. ಒಂದೇ ಸ್ಥಿರ ಶಾಟಿನಲ್ಲಿ ಹತ್ತು ಫ್ರೇಮು ಮುಂದೆ ಹೋದರೆ ಸೀರೆಯ ಅಂಚಿನ ನೇಯ್ಗೆ ಒಮ್ಮೆಲೇ ತಿಳಿಯಾಗುವುದು ಇದರಿಂದಲೇ. ದೃಶ್ಯ ಬದಲಾದ ಕೂಡಲೇ ಬರುವ ಮೊದಲ ಒಂದೆರಡು ಫ್ರೇಮು ಎಷ್ಟೋ ಸಲ ಕಳಪೆಯಾಗಿರುತ್ತವೆ, ಅವನ್ನು ದಾಟಿ ಮುಂದೆ ಹೋಗುವುದು ಒಳ್ಳೆಯದು.

ಆದರೆ ಚೂಪಿನ ಹಿಂದೆಯೇ ಬಿದ್ದರೆ ಇನ್ನೊಂದು ತಪ್ಪಾಗುತ್ತದೆ. ಲೇಖನ ಮಾತಾಡುತ್ತಿರುವುದು ನಾಯಕಿ ಥಟ್ಟನೆ ಮುಖ ತಿರುಗಿಸಿದ್ದರ ಬಗ್ಗೆಯಾದರೆ ಮಸುಕಾದ ಆ ಫ್ರೇಮೇ ಸರಿಯಾದ ಉದ್ಧರಣೆ. ಅವಳು ಸುಮ್ಮನೆ ಕೂತ ಚಂದದ ಫ್ರೇಮು ಹಾಕಿದರೆ ಚಿತ್ರ ಒಂದು ಹೇಳುತ್ತದೆ, ಬರಹ ಇನ್ನೊಂದು. ಪತ್ರಿಕೆಯ ಪುಟ ವಿನ್ಯಾಸದವರು ‘ಸರ್, ಇನ್ನೂ ಕ್ಲಿಯರ್ ಇರೋದು ಕೊಡಿ’ ಎಂದು ಕೇಳುವಾಗ ಇದನ್ನು ಬಿಡಿಸಿ ಹೇಳುವ ತಾಳ್ಮೆ ಬರೆಯುವವರಿಗಿರಬೇಕು.

ಬಣ್ಣದ ವಿಷಯವನ್ನು ಚುಟುಕಾಗಿ ಹೇಳಿಬಿಡುತ್ತೇನೆ. ವಿಡಿಯೊಗಳಲ್ಲಿ ನಾಲ್ಕು ಪಿಕ್ಸೆಲ್ಲಿಗೆ ನಾಲ್ಕು ಬೆಳಕಿನ ಅಳತೆ ಇರುತ್ತದೆ, ಬಣ್ಣದ ಅಳತೆ ಒಂದೇ. ಹಣೆಯ ಕುಂಕುಮದ ಅಂಚನ್ನು ಹಿಗ್ಗಿಸಿ ನೋಡಿ, ಕೆಂಪು ಚರ್ಮದ ಮೇಲೆ ಹರಡಿಕೊಂಡಂತೆ ಕಾಣುತ್ತದೆ. ಇದಕ್ಕೆ ಮದ್ದಿಲ್ಲ, ಒಪ್ಪಿಕೊಳ್ಳಬೇಕು. ಡಿವಿಡಿಗೆ ಒಂದು ಬಣ್ಣದ ಸೂತ್ರ, ಹೈ ಡೆಫಿನಿಷನ್ನಿಗೆ ಇನ್ನೊಂದು. ಅದಲುಬದಲಾದರೆ ಮೈಬಣ್ಣವೂ ಹಸಿರೂ ಕೊಂಚ ಜಾರುತ್ತವೆ. ಎಚ್‌ಡಿಆರ್ ಪ್ರತಿಗಳಿಂದ ನೇರವಾಗಿ ತೆಗೆದ ಫ್ರೇಮು ಮಂಕಾಗಿ ಬರುತ್ತದೆ, ಅದನ್ನು ಸಾಮಾನ್ಯ ಪರದೆಗೆ ಹೊಂದಿಸಿಕೊಡುವ ಪ್ಲೇಯರಿನಿಂದಲೇ ತೆಗೆಯಬೇಕು. ಚೌಕಟ್ಟಿನ ಆಕಾರಕ್ಕೂ ಒಂದು ಮಾತು: ಡಿವಿಡಿಯ ಪಿಕ್ಸೆಲ್ಲು ಚೌಕವಲ್ಲ. 720×576ರ ಪಾಲ್ ಮಾದರಿಯ ಫ್ರೇಮನ್ನು ಪರದೆಯಲ್ಲಿ 768×576ಕ್ಕೋ 1024×576ಕ್ಕೋ ಹಿಗ್ಗಿಸಿ ನೋಡಬೇಕು. ಫ್ರೇಮಿನಲ್ಲಿ ಬಂಡಿಯ ಗಾಲಿಯೋ ಊಟದ ತಟ್ಟೆಯೋ ಇದ್ದರೆ ಅದು ದುಂಡಗಿದೆಯೇ ನೋಡಿಕೊಳ್ಳಿ.

ಬಣ್ಣ ತುಂಬಿದ ಹಳೆಯ ಚಿತ್ರಗಳ ಬಗ್ಗೆ ಮಾತ್ರ ನಾನು ಗಟ್ಟಿಯಾಗಿಯೇ ಹೇಳಬೇಕು. 1965ರ ‘ಸತ್ಯ ಹರಿಶ್ಚಂದ್ರ’ 2008ರಲ್ಲಿ, 1971ರ ‘ಕಸ್ತೂರಿ ನಿವಾಸ’ 2014ರಲ್ಲಿ ಬಣ್ಣ ತುಂಬಿಕೊಂಡು ಮತ್ತೆ ತೆರೆಗೆ ಬಂದವು. ಜನ ಸಂಭ್ರಮಿಸಿದರು, ಅದು ಅವರ ಪ್ರೀತಿ, ಅದಕ್ಕೆ ನನ್ನ ಆಕ್ಷೇಪವಿಲ್ಲ. ಆದರೆ ಮೂಲ ಚಿತ್ರದ ಛಾಯಾಗ್ರಹಣದ ಬಗ್ಗೆ ಬರೆಯುವವರು ಬಣ್ಣದ ಪ್ರತಿಯಿಂದ ಫ್ರೇಮು ತೆಗೆಯುವುದು ಸಲ್ಲದು. ಬಣ್ಣ ತೆಗೆದುಹಾಕಿ ಮತ್ತೆ ಕಪ್ಪುಬಿಳುಪು ಮಾಡಿದರೂ ಸಲ್ಲದು. ಬಣ್ಣ ತುಂಬುವಾಗ ಬೆಳಕಿನ ಹದವನ್ನೂ ತಿದ್ದಿರುತ್ತಾರೆ. ಹಿಂದಕ್ಕೆ ತಿರುಗಿಸಿದ ಮಾತ್ರಕ್ಕೆ ಮೊದಲಿನ ಹದ ಮರಳುವುದಿಲ್ಲ.

ಕಳೆದ ಕೆಲವು ವರ್ಷಗಳಲ್ಲಿ ಬಂದಿರುವ ಎಐ ‘ಎನ್‌ಹ್ಯಾನ್ಸ್’ ಸಾಧನಗಳ ಬಗ್ಗೆ ನನಗೆ ಇದಕ್ಕಿಂತ ಹೆಚ್ಚಿನ ಆತಂಕವಿದೆ. ಮಸುಕಾದ ಫ್ರೇಮು ಹಾಕಿ, ಗುಂಡಿ ಒತ್ತಿ, ನಾಲ್ಕು ಪಟ್ಟು ದೊಡ್ಡ, ಹೊಳೆಯುವ ಚಿತ್ರ ಪಡೆಯಬಹುದು. ಈಚೆಗೆ ಹಳೆಯ ಕನ್ನಡ ಚಿತ್ರಗಳ ಕುರಿತ ಎಷ್ಟೋ ಬರಹಗಳ ಜೊತೆ ಬರುವುದು ಇಂಥವೇ. ಇಂಥ ಒಂದು ಫ್ರೇಮನ್ನು ಮೂಲದ ಪಕ್ಕದಲ್ಲಿಟ್ಟು ನೋಡಿದೆ. ಹಿನ್ನೆಲೆಯಲ್ಲಿ ಒಂದು ಅಂಗಡಿಯ ಬೋರ್ಡು. ಮೂಲದಲ್ಲಿ ಅಕ್ಷರಗಳು ಹತ್ತೆಂಟು ಪಿಕ್ಸೆಲ್ಲು ಎತ್ತರವೂ ಇಲ್ಲ, ಆದರೂ ಕನ್ನಡ ಓದುವ ಕಣ್ಣು ಅದನ್ನು ‘ಸ್ಟೋರ್ಸ್’ ಎಂದು ಊಹಿಸಿಕೊಳ್ಳುತ್ತದೆ. ಎನ್‌ಹ್ಯಾನ್ಸ್ ಆದ ಚಿತ್ರದಲ್ಲಿ ಬೋರ್ಡು ಚೊಕ್ಕಟ. ಬಣ್ಣ ಬಳಿದ ಅಂಚುಗಳು ಕೊರೆದಂತಿವೆ. ತಲೆಕಟ್ಟಿನಂಥದೊಂದು ಇದೆ, ಕೊಂಬಿನಂಥದೊಂದು ಇದೆ, ಕೆಳಗೆ ಒತ್ತಿನಂಥದೊಂದು ನೇತಾಡುತ್ತಿದೆ. ಆದರೆ ಅಲ್ಲಿ ಒಂದೇ ಒಂದು ಅಕ್ಷರ ಇಲ್ಲ! ಆ ಸಾಧನಕ್ಕೆ ಕನ್ನಡ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಬಿಡುವ ಬದಲು ತುಂಬಿಬಿಟ್ಟಿದೆ.

ಮುಖಗಳ ಮೇಲೂ ಇದೇ ನಡೆಯುತ್ತದೆ, ಅಲ್ಲಿ ಗುರುತು ಹಿಡಿಯುವುದು ಕಷ್ಟ. ಕಣ್ಣಿನ ಗುಡ್ಡೆಯ ಮೇಲೆ ಹೊಳೆಯುವ ಬಿಳಿ ಚುಕ್ಕೆ ಛಾಯಾಗ್ರಹಣದ ಬಗ್ಗೆ ಬರೆಯುವವರಿಗೆ ದೊಡ್ಡ ಸುಳಿವು: ದೀಪ ಎಷ್ಟು ಎತ್ತರದಲ್ಲಿತ್ತು, ಎಡಕ್ಕಿತ್ತೋ ಬಲಕ್ಕಿತ್ತೋ, ಒಂದಿತ್ತೋ ಎರಡಿತ್ತೋ ಅದರಿಂದ ತಿಳಿಯುತ್ತದೆ. ಎನ್‌ಹ್ಯಾನ್ಸ್ ಮಾಡುವ ಸಾಧನ ತಾನು ಕಲಿತ ಸಾವಿರಾರು ಮುಖಗಳ ಸರಾಸರಿಯಿಂದ ಹೊಸ ಚುಕ್ಕೆ ಇಡುತ್ತದೆ. ಹುಬ್ಬಿನ ಕೂದಲು ಬಿಡಿಸುತ್ತದೆ, ಕೆನ್ನೆಯ ಗುಳಿ ತುಂಬುತ್ತದೆ, ವಯಸ್ಸು ಇಳಿಸುತ್ತದೆ. ಇದು ಮತ್ತೊಬ್ಬರ ವಾಕ್ಯಕ್ಕೆ ನಮ್ಮ ಪದ ಸೇರಿಸಿ ಉದ್ಧರಣ ಚಿಹ್ನೆ ಹಾಕಿದಂತೆ. ಮನೆಯ ಗೋಡೆಗೆ ಹಾಕುವ ಚಿತ್ರಕ್ಕೆ, ಅಭಿಮಾನದ ಪೋಸ್ಟರಿಗೆ ಬಳಸಿಕೊಳ್ಳಲಿ, ಯಾರೂ ಬೇಡವೆನ್ನುವುದಿಲ್ಲ. ವಿಮರ್ಶೆಯ ಪುಟಕ್ಕೆ, ಚರಿತ್ರೆಯ ಪುಸ್ತಕಕ್ಕೆ ಅದು ಬರಕೂಡದು. ಇನ್ನೂ ಕೆಟ್ಟದ್ದೆಂದರೆ, ಒಮ್ಮೆ ಜಾಲಕ್ಕೆ ಬಿಟ್ಟ ಮೇಲೆ ಹುಡುಕಿದವರಿಗೆಲ್ಲ ಮೂಲಕ್ಕಿಂತ ಮೊದಲು ಈ ಹೊಳೆಯುವ ಚಿತ್ರವೇ ಸಿಗುತ್ತದೆ. ಮುಂದಿನ ತಲೆಮಾರಿನ ವಿದ್ಯಾರ್ಥಿ ಅದನ್ನೇ ಸಿನಿಮಾ ಎಂದು ತಿಳಿಯುತ್ತಾನೆ.

ಹಾಗಾದರೆ ಕಳಪೆ ಪ್ರತಿ ಬಿಟ್ಟು ಬೇರೇನೂ ಸಿಗದ ಚಿತ್ರಗಳ ಗತಿ? ಕನ್ನಡದಲ್ಲಿ ಇದು ಸಣ್ಣ ಪ್ರಶ್ನೆಯಲ್ಲ. ಎಷ್ಟೋ ಚಿತ್ರಗಳು ವಿಸಿಡಿಯಲ್ಲಿ ಬಂದು ಅಲ್ಲಿಗೇ ನಿಂತವು. ವಿಸಿಡಿಯ ಫ್ರೇಮು ಬರೀ 352×288. ಒಂದು ಪ್ರಾಮಾಣಿಕ ಉಪಾಯವಿದೆ. ಕ್ಯಾಮೆರಾವೂ ನಟರೂ ಅಲ್ಲಾಡದ ಶಾಟಿನಲ್ಲಿ ಸತತ ಹದಿನಾರು ಫ್ರೇಮು ತೆಗೆದು, ಒಂದರ ಮೇಲೊಂದು ಕೂರಿಸಿ ಸರಾಸರಿ ತೆಗೆದರೆ, ಫ್ರೇಮಿನಿಂದ ಫ್ರೇಮಿಗೆ ಬದಲಾಗುವ ಚುಕ್ಕೆಗಳ ಗದ್ದಲ ಕಾಲುಭಾಗಕ್ಕೆ ಇಳಿಯುತ್ತದೆ. ಹಳೆಯ ಫಿಲ್ಮು ಪ್ರೊಜೆಕ್ಟರಿನಲ್ಲಿ ತುಸು ತೂಗಾಡುತ್ತದಾದ್ದರಿಂದ ಮೊದಲು ಫ್ರೇಮುಗಳನ್ನು ಒಂದಕ್ಕೊಂದು ಸರಿಹೊಂದಿಸಬೇಕು. ಗಿಂಪ್‌ನಂಥ ಉಚಿತ ಸಾಫ್ಟ್‌ವೇರಿನಲ್ಲೂ ಕೈಯಿಂದ ಮಾಡಬಹುದು, ಹೊತ್ತು ಹಿಡಿಯುತ್ತದೆ ಅಷ್ಟೆ. ಇಲ್ಲಿ ಸೇರುವುದೆಲ್ಲ ಸಿನಿಮಾದೊಳಗಿನದೇ, ಹೊರಗಿನಿಂದ ಏನೂ ಬರುವುದಿಲ್ಲ. ಫಿಲ್ಮ್ ಗ್ರೇನೂ ಒರೆಸಿಹೋಗುತ್ತದೆ ಎನ್ನುವುದು ನಷ್ಟವೇ. ಆದರೂ ಹೀಗೆ ಮಾಡಿದ್ದೇವೆ ಎಂದು ಅಡಿಬರಹದಲ್ಲಿ ಹೇಳಿದರೆ ನನ್ನ ಒಪ್ಪಿಗೆಯಿದೆ.

ಅದಕ್ಕಿಂತ ಸರಳವಾದ ಪರಿಹಾರ ಚಿತ್ರವನ್ನು ಸಣ್ಣದಾಗಿ ಅಚ್ಚುಹಾಕುವುದು. ಒಳ್ಳೆಯ ಮುದ್ರಣಕ್ಕೆ ಇಂಚಿಗೆ 300 ಪಿಕ್ಸೆಲ್ಲು ಬೇಕು. ಆ ಲೆಕ್ಕದಲ್ಲಿ ಬ್ಲೂ ರೇ ಫ್ರೇಮು ಸುಮಾರು ಆರೂವರೆ ಇಂಚಿನ ತನಕ ತಡೆದುಕೊಳ್ಳುತ್ತದೆ, ಡಿವಿಡಿ ಫ್ರೇಮು ಎರಡೂವರೆ ಇಂಚು, ವಿಸಿಡಿ ಒಂದು ಇಂಚಿಗಿಂತ ತುಸು ಹೆಚ್ಚು. ಎರಡೂವರೆ ಇಂಚು ಕಡಿಮೆಯೇನಲ್ಲ, ಪತ್ರಿಕೆಯ ಒಂದು ಕಾಲಂ ತುಂಬುತ್ತದೆ. ಅಲ್ಲಿ ಚೊಕ್ಕವಾಗಿ ಕಾಣುವ ಫ್ರೇಮನ್ನು ಅರ್ಧ ಪುಟಕ್ಕೆ ಎಳೆದು, ಆಮೇಲೆ ಒಡೆಯಿತೆಂದು ಎನ್‌ಹ್ಯಾನ್ಸ್ ಮಾಡುವ ಪ್ರಮೇಯವೇ ಬೇಡ. ಪುಟ ವಿನ್ಯಾಸಕ್ಕಾಗಿ ಸಿನಿಮಾಸ್ಕೋಪ್ ಫ್ರೇಮಿನ ಎರಡೂ ಬದಿ ಕತ್ತರಿಸುವ ರೂಢಿಯನ್ನೂ ಸಂಪಾದಕರು ನಿಲ್ಲಿಸಬೇಕು. ಪದ್ಯದ ಸಾಲನ್ನು ಕಾಲಮ್ಮಿಗೆ ಹೊಂದಲಿಲ್ಲವೆಂದು ಯಾರೂ ಕತ್ತರಿಸುವುದಿಲ್ಲ.

ಕಾನೂನಿನ ಬಗ್ಗೆ ಅಂಜಿಕೆ ಇರುವವರಿಗೆ ಎರಡು ಮಾತು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 14ನೇ ಕಲಮಿನ ಪ್ರಕಾರ ಸಿನಿಮಾದ ಒಂದು ಬಿಂಬದ ಫೋಟೋ ಕೂಡ ಸಿನಿಮಾದ ನಕಲೇ, ಅದರ ಹಕ್ಕು ಮಾಲೀಕರದು. ಅದೇ ಕಾಯ್ದೆಯ 52ನೇ ಕಲಮು ವಿಮರ್ಶೆಗಾಗಿ ನ್ಯಾಯೋಚಿತವಾಗಿ ಬಳಸಲು ಅವಕಾಶ ಕೊಡುತ್ತದೆ. ಲೇಖನ ನಿಜವಾಗಿಯೂ ಆ ಫ್ರೇಮಿನ ಬಗ್ಗೆ ಮಾತಾಡುತ್ತಿದ್ದರೆ ಆ ಅವಕಾಶ ಗಟ್ಟಿಯಾಗಿರುತ್ತದೆ. ಬರೀ ಪುಟ ತುಂಬಲು ಹಾಕಿದ್ದರೆ ಸಡಿಲವಾಗುತ್ತದೆ. ಫ್ರೇಮನ್ನು ಉದ್ಧರಣೆಯಂತೆ ನೋಡಬೇಕು ಎನ್ನುವುದಕ್ಕೆ ಇದೂ ಒಂದು ಕಾರಣ.

ಪ್ರತಿಯ ಮಾತಿಗೆ ಮರಳಿ ಕೊನೆಗೊಂದು ಉದಾಹರಣೆ: ಗಿರೀಶ ಕಾಸರವಳ್ಳಿ ಅವರ ‘ಘಟಶ್ರಾದ್ಧ’ 1977ರದು. ಮೂಲ ಕ್ಯಾಮೆರಾ ನೆಗೆಟಿವ್‌ನಿಂದ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತಿತರರು ಜೀರ್ಣೋದ್ಧಾರ ಮಾಡಿಸಿದ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ತೆರೆಕಂಡಿತು. ನಾವೆಲ್ಲ ಈ ತನಕ ಆ ಚಿತ್ರದ ಬಗ್ಗೆ ಬರೆದದ್ದು, ಕಲಿಸಿದ್ದು ಸವೆದ ಪ್ರತಿಗಳ ಫ್ರೇಮುಗಳನ್ನಿಟ್ಟುಕೊಂಡು. ಅಗ್ರಹಾರದ ಮನೆಯ ಒಳಗತ್ತಲೆ ಎಂದು ನಾವು ವರ್ಣಿಸಿದ್ದರಲ್ಲಿ ಛಾಯಾಗ್ರಾಹಕ ಎಸ್. ರಾಮಚಂದ್ರ ಅವರು ಬೆಳಗಿಸಿದ್ದೆಷ್ಟು, ಕಳಪೆ ವಿಡಿಯೊ ನುಂಗಿದ್ದೆಷ್ಟು ಎಂದು ಫ್ರೇಮು ಫ್ರೇಮಾಗಿ ಹೋಲಿಸಿ ನೋಡುವ ಕೆಲಸ ಈಗ ಶುರುವಾಗಬೇಕು. ಹೊಸ ಪ್ರತಿ ಕೈಗೆ ಸಿಕ್ಕಾಗ ಹಳೆಯ ಲೇಖನಗಳ ಚಿತ್ರಗಳನ್ನು ಬದಲಿಸಬೇಕು, ಕೆಲವು ವಾಕ್ಯಗಳನ್ನೂ ಬದಲಿಸಬೇಕಾದೀತು. ಇಂಥ ಹೋಲಿಕೆ ಸಾಧ್ಯವಾಗಬೇಕಾದರೆ ಅಡಿಬರಹದಲ್ಲಿ ನಟರ ಹೆಸರಷ್ಟೇ ಸಾಲದು. ಯಾವ ಪ್ರತಿ, ಎಷ್ಟನೇ ನಿಮಿಷ, ಏನಾದರೂ ತಿದ್ದಿದ್ದರೆ ಏನು ಎನ್ನುವುದು ಬರಲಿ, ಜೊತೆಗೆ ಛಾಯಾಗ್ರಾಹಕರ ಹೆಸರೂ ಬರಲಿ.